ಪಾದ ತಿರುಗಿದ ಕೂಸು ಬೇಡವೇ?

ದೇಶನೂರಿನ ಅಕ್ಷಿತಾಳಿಗೆ ಮದುವೆಯಾಗಿ ಎಂಟು ವರ್ಷ ಮಕ್ಕಳಿರಲಿಲ್ಲ. ಓಣಿಯಲ್ಲಿ ಯಾರ ಮನೆಯ ಕೂಸು ಅತ್ತರೂ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳುತ್ತಿದ್ದಳು. ಚರ್ಚಿನಲ್ಲಿ ಬೇರೆಯವರ ಮಗುವನ್ನು ಎತ್ತಿಕೊಂಡರೆ ತಿರುಗಿ ಕೊಡಲು ಮನಸ್ಸೇ ಬರುತ್ತಿರಲಿಲ್ಲ. ಒಂಬತ್ತನೇ ವರ್ಷ ಬಸಿರಾದಳು. ಗಂಡ ದೇವಪುತ್ರ, ಅತ್ತೆ ಎಸ್ತೇರಮ್ಮ ಇಬ್ಬರೂ ಸಭೆಯಲ್ಲಿ ಎದ್ದು ನಿಂತು ದೇವರಿಗೆ ಸ್ತೋತ್ರ ಹೇಳಿದರು.

ಐದನೇ ತಿಂಗಳಲ್ಲಿ ಬಳ್ಳಾರಿಯಲ್ಲಿ ಸ್ಕ್ಯಾನಿಂಗ್ ಆಯಿತು.

"ಕೂಸಿನ ಎರಡೂ ಪಾದ ಒಳಕ್ಕೆ ತಿರುಗಿವೆ. ಬೇರೆ ತೊಂದರೆ ಕಾಣುತ್ತಿಲ್ಲ," ಎಂದರು ಡಾಕ್ಟರು.

ಮನೆಗೆ ಬಂದ ಮೇಲೆ ಎಸ್ತೇರಮ್ಮ ಬಾಯಿಬಿಟ್ಟಳು.

"ತೆಗಸಿಬಿಡ್ರಿ. ನಮ್ಮಣ್ಣ ಹಿಂಗ ಹುಟ್ಟಿದ್ದ. ಊರೆಲ್ಲ ಕುಂಟ ಅಂತನ ಕರೀತಿತ್ತು. ಆ ನರಳಾಟ ಮತ್ತ ನೋಡಾಕ ನನ್ನಿಂದ ಆಗಂಗಿಲ್ಲ."

ದೇವಪುತ್ರ ತಲೆ ತಗ್ಗಿಸಿ ಕೂತ. ಅಕ್ಷಿತಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಅದೇ ವಾರ ಮೊದಲ ಸಲ ಕೂಸು ಒಳಗೆ ಮಿಸುಕಾಡಿತ್ತು.

"ಅತ್ತಿ, ಒದೀತೈತಿ ಇದು," ಎಂದಳು. ಎಸ್ತೇರಮ್ಮ ಎದ್ದು ಹೊರಗೆ ಹೋದಳು.

ಭಾನುವಾರ ಚರ್ಚಿಗೆ ಸೌಂದರ್ಯ ಬಂದಿದ್ದಳು. ಇದೇ ಊರಿನ ಮಗಳು. ಈಗ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿದ್ದು, ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ನರ್ಸ್ ಆಗಿದ್ದಾಳೆ. ಅಕ್ಷಿತಾ ಅಳುತ್ತ ಎಲ್ಲ ಹೇಳಿಕೊಂಡಳು. ಸೌಂದರ್ಯ ಎಸ್ತೇರಮ್ಮನ ಹತ್ತಿರ ಬಂದು ಕೂತಳು.

"ದೊಡ್ಡಮ್ಮ, ನಾಳಿ ನನ್ನ ಜೋಡಿ ಆಸ್ಪತ್ರಿಗಿ ಬರ್ರಿ. ನೋಡಿದ ಮ್ಯಾಲ ಮಾತಾಡೂಣು."

ಮರುದಿನ ಆಸ್ಪತ್ರೆಯಲ್ಲಿ ಒಬ್ಬ ತಾಯಿ ಇಪ್ಪತ್ತು ದಿನದ ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದಳು. ಡಾಕ್ಟರು ಅದರ ಪಾದವನ್ನು ಮೆಲ್ಲಗೆ ತಿರುಗಿಸಿ ಪ್ಲಾಸ್ಟರ್ ಸುತ್ತುತ್ತಿದ್ದರು. ಕೂಸು ಹಾಲು ಕುಡಿಯುತ್ತಲೇ ಇತ್ತು.

"ವಾರಕ್ಕೊಮ್ಮೆ ಪ್ಲಾಸ್ಟರ್ ಬದಲು ಮಾಡ್ತಾರ," ಎಂದಳು ಸೌಂದರ್ಯ. "ಐದಾರು ವಾರಕ್ಕ ಪಾದ ನೆಟ್ಟಗಾಗ್ತಾವ. ಆಮ್ಯಾಲ ಎರಡೂ ಕಾಲು ಕೂಡಿಸೋ ಪಟ್ಟಿ ಇರೋ ಬೂಟು ಮೂರು ತಿಂಗಳು ಹಗಲು ರಾತ್ರಿ, ಮುಂದ ನಾಕೈದು ವರ್ಷ ಆಗೂತನಕ ಮಲಗೂ ಮುಂದ, ಬಿಡದಂಗ ಹಾಕಬೇಕು. ಅಗೋ, ಆ ಹುಡುಗೀನ ನೋಡ್ರಿ. ಅಕಿ ಕಾಲೂ ಹಂಗ ಇದ್ದವು."

ವರಾಂಡದಲ್ಲಿ ಒಂದು ಹುಡುಗಿ ಓಡಾಡುತ್ತಿತ್ತು. ಎಸ್ತೇರಮ್ಮ ಬಹಳ ಹೊತ್ತು ಅದರ ಪಾದಗಳನ್ನೇ ನೋಡಿದಳು.

"ನಮ್ಮಣ್ಣನ ಕಾಲದಾಗ ಇದು ಇರಲಿಲ್ಲಲ್ಲವ್ವ."

"ದೊಡ್ಡಮ್ಮ, ಹಂಗಂದ್ರ ನಿಮ್ಮಣ್ಣ ಹುಟ್ಟಬಾರದಿತ್ತೇನು?"

"ಹಂಗ ಅನಬ್ಯಾಡ!" ಎಸ್ತೇರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವ್ವ ಸತ್ತ ಮ್ಯಾಲ ನನಗ ತಲಿ ಬಾಚಿದಾಂವ ಅವನ. ಉಣಿಸಿದಾಂವ ಅವನ. ಅಂವ ಸತ್ತು ಎಷ್ಟೋ ವರ್ಷಾತು, ಈಗಲೂ ಅವನ ಧ್ವನಿ ಒಮ್ಮಿ ಕೇಳಬೇಕು ಅನ್ನಿಸ್ತೈತಿ."

"ನಿಮ್ಮಣ್ಣನ್ನ ಮಾಡಿದ ದೇವರ ಕೈನ ಅಕ್ಷಿತಾನ ಹೊಟ್ಟ್ಯಾಗೂ ಕೆಲಸ ಮಾಡಾಕ ಹತ್ತೈತಿ. ನಾವು ಇನ್ನೂ ಮುಖ ನೋಡದ ಕೂಸಿನ ಗುರುತು ಆತಗ ಐತಿ. ಕಾಲು ಹೆಂಗರ ಇರಲಿ, ಅದು ಆತ ಕೊಟ್ಟ ಜೀವ."

ಮನೆಗೆ ಬಂದ ಎಸ್ತೇರಮ್ಮ ಸೊಸೆಯ ಮುಂದೆ ಕೂತಳು.

"ಹೆದರಿಕಿಗಿ ಹಂಗ ಅಂದೆ, ತಂಗಿ. ಎಂಟು ವರ್ಷ ಬೇಡಿಕೊಂಡೀವಿ. ಬರಲಿ ನಮ್ಮ ಕೂಸು."

ಆಗ ದೇವಪುತ್ರ ಬಿಕ್ಕಿ ಅತ್ತ. "ನಾನೂ ಇದನ್ನ ಹೇಳಬೇಕಂತಿದ್ದೆವ್ವ. ಬಾಯಿ ಬರಲಿಲ್ಲ," ಎಂದ.

ಹೆಣ್ಣು ಕೂಸು ಹುಟ್ಟಿತು. ಪಾದಗಳು ತಿರುಗಿಯೇ ಇದ್ದವು. ಪ್ರತಿ ವಾರ ಬಳ್ಳಾರಿ ಬಸ್ಸಿನಲ್ಲಿ ಪ್ಲಾಸ್ಟರ್ ಕಾಲಿನ ಮೊಮ್ಮಗಳನ್ನು ಎತ್ತಿಕೊಂಡು ಹೋದವಳು ಎಸ್ತೇರಮ್ಮನೇ. ಒಂದೂವರೆ ವರ್ಷಕ್ಕೆ ಕೂಸು ಗೋಡೆ ಬಿಟ್ಟು ನಾಲ್ಕು ಹೆಜ್ಜೆ ಇಟ್ಟು ಅಜ್ಜಿಯ ಮೇಲೆ ಬಿತ್ತು.

ಅಕ್ಕಂದಿರೇ, ಅಣ್ಣಂದಿರೇ, ಸ್ಕ್ಯಾನಿಂಗ್‌ನಲ್ಲಿ ಹೆದರಿಕೆಯ ಮಾತು ಬಂದರೆ ಅವಸರಪಡಬೇಡಿ. ತಿಳಿದ ಡಾಕ್ಟರನ್ನು ಕೇಳಿ, ಚಿಕಿತ್ಸೆ ಏನಿದೆ ಎಂದು ವಿಚಾರಿಸಿ. ಬಸುರಿ ಹೆಂಗಸನ್ನು ಅವಳ ಭಯದ ಜೊತೆ ಒಂಟಿಯಾಗಿ ಬಿಡಬೇಡಿ. ಹಿಂದೆ ಕೂಸನ್ನು ತೆಗೆಸಿ ಈಗ ಒಳಗೊಳಗೇ ಕೊರಗುತ್ತಿದ್ದರೆ, ದೇವರ ಕರುಣೆ ನಿಮಗೂ ಉಂಟು. ಬನ್ನಿ, ಚರ್ಚಿನಲ್ಲಿ ನಮ್ಮೊಡನೆ ಕೂತು ಅತ್ತು ಹಗುರಾಗಿ. ಹೊಟ್ಟೆಯಲ್ಲಿರುವ ಕೂಸು ನಮ್ಮನ್ನು ಏನೂ ಕೇಳಲಾರದು. ಅದರ ಪರವಾಗಿ ನಾವೇ ಕೇಳುತ್ತಿದ್ದೇವೆ: ಅದಕ್ಕೆ ನಿಮ್ಮ ಮನೆಯಲ್ಲಿ ಜಾಗ ಕೊಡಿ.