ಹಳದಿ ಗುಳಿಗಿ

ಸುವರ್ಣಾ ಬಾಗಿಲ ಮರೆಯಲ್ಲಿ ನಿಂತು ಅತ್ತೆಯ ಎಲೆಯಡಿಕೆಯ ಚಂಚಿಯನ್ನು ತಲೆಕೆಳಗು ಮಾಡಿ ಕೊಡವಿದಳು. ಅಡಿಕೆ ಚೂರು, ತಂಬಾಕು, ಒಣಗಿ ಬಿರಿದ ಖಾಲಿ ಸುಣ್ಣದ ಡಬ್ಬಿ. ಗುಳಿಗೆ ಇರಲಿಲ್ಲ.

ಹೊರಗೆ ಅಂಗಳದಲ್ಲಿ ಅತ್ತೆ ಗುರಮ್ಮನ ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹೆಂಗಸರ ಅಳು ಏರಿ ಇಳಿಯುತ್ತಿತ್ತು.

"ಏನ್ ಹುಡುಕ್ಲಕತ್ತಿ?" ಗಂಡ ಅಮೋಘಸಿದ್ಧ ಹೊಸ್ತಿಲಲ್ಲಿ ನಿಂತಿದ್ದ.

"ಚಾವಿ."

"ಚಾವಿ ನಿನ್ನ ಸೊಂಟದಾಗೇ ಅದ." ಅವನ ಕಣ್ಣುಗಳು ಅತ್ತು ಊದಿಕೊಂಡಿದ್ದವು. "ಅವ್ವನ ಮೈ ಇನ್ನಾ ಆರಿಲ್ಲ, ನೀ ಆಕಿ ಚಂಚಿ ಝಾಡಿಸ್ಲಕತ್ತಿ. ಮಂದಿ ನೋಡಿದ್ರ ಏನಂದಾರು?"

ಅವನು ಹೋದ ಮೇಲೆ ಸುವರ್ಣಾ ಅತ್ತೆಯ ಹಾಸಿಗೆಯ ಮಡಿಕೆಗಳೊಳಗೆ ಕೈಯಾಡಿಸಿದಳು.

*

ನಿನ್ನೆ ಸಂಜೆ ಶಾಲೆಯ ಖಿಚಡಿ ಬೇಯಿಸುವ ಕೆಲಸ ಮುಗಿಸಿ ಬಂದವಳು ದಿನದಂತೆ ಮಗಳನ್ನು ಕೇಳಿದ್ದಳು. "ಸೀಮಾ, ಮಧ್ಯಾಹ್ನದ ಗುಳಿಗಿ ತಿಂದಿ?"

"ಹೂಂ. ಅಜ್ಜಿ ಹಳದಿ ಗುಳಿಗಿ ಕೊಟ್ಲು."

ಸೋಲಾಪುರದ ದವಾಖಾನೆಯಲ್ಲಿ ಕೊಟ್ಟ ಗುಳಿಗೆಗಳು ಎಲ್ಲವೂ ಬಿಳಿ. ಒಂದೂ ಹಳದಿಯಲ್ಲ.

"ಯಾ ಗುಳಿಗಿ ಕೊಟ್ರಿ ಅತ್ತಿ?"

"ಡಾಕ್ಟರ್ ಕೊಟ್ಟಿದ್ದೇ," ಎಂದ ಗುರಮ್ಮ ಮುಖ ತಿರುಗಿಸಿ ಕುರಿ ಹಟ್ಟಿಯ ಕಡೆ ನಡೆದುಬಿಟ್ಟಳು.

ಸೀಮಾಳಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದ ದಿನದಿಂದಲೂ ಮುದುಕಿ ಹೀಗೆಯೇ. ಮಗುವಿಗೆಂದು ಕಾಯಿಸಿಟ್ಟ ಹಾಲನ್ನು ನಾಯಿಗೆ ಸುರಿಯುತ್ತಿದ್ದಳು. ಕೇಳಿದರೆ ನೊಣ ಬಿದ್ದಿತ್ತು ಎನ್ನುತ್ತಿದ್ದಳು. ಅನ್ನ ಮಾಡಿದರೆ ಪಕ್ಕಕ್ಕೆ ಸರಿಸಿ ರೊಟ್ಟಿ ಮುರಿದು ಕೊಡುತ್ತಿದ್ದಳು. ಹೆಣ್ಣು ಹುಡುಗಿ, ಉಳಿಯುವುದಿಲ್ಲ ಎಂದು ಕೈಬಿಟ್ಟಳೇ? ಹಾಗಿದ್ದರೆ ದಿನಾ ನಸುಕಿಗೆ ಮನೆದೇವರು ಬೀರಪ್ಪನ ಮುಂದೆ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದುದು ಏನನ್ನು? ಉದಗೀರದ ತಂಗಿ ಮಲಕಮ್ಮ ಬಂದಾಗಲೆಲ್ಲ ಇಬ್ಬರೂ ಹಟ್ಟಿಯ ಹಿಂದೆ ಪಿಸುಗುಟ್ಟುತ್ತಿದ್ದರು. ಅಲ್ಲಿನ ಯಾವುದೋ ನಾಟಿ ವೈದ್ಯನ ಗುಳಿಗೆ ಇರಬೇಕು ಎಂದು ಸುವರ್ಣಾಳಿಗೆ ಖಾತ್ರಿಯಾಯಿತು. ಬೆಳಗಾಗಲಿ, ಬಾಯಿ ಬಿಡಿಸುತ್ತೇನೆ ಎಂದುಕೊಂಡು ಮಲಗಿದ್ದಳು.

ಬೆಳಗಾದಾಗ ಗುರಮ್ಮನ ಉಸಿರು ನಿಂತಿತ್ತು.

*

ನೆರೆಮನೆಯ ದಿಗಂಬರ ಮುರುಮದ ಪೇಟೆಯಿಂದ ಹೆಣಕ್ಕೆ ಹೊದಿಸುವ ಬಿಳಿ ಬಟ್ಟೆ ತಂದು ಬಿಚ್ಚುವ ಹೊತ್ತಿಗೆ ಮಲಕಮ್ಮ ಜೀಪಿನಿಂದ ಇಳಿದಳು. ಅಕ್ಕನ ಕೊರಳಿಗೆ ಬಿದ್ದು ಅತ್ತವಳು ಬಟ್ಟೆ ಕಂಡದ್ದೇ ತಟ್ಟನೆ ಎದ್ದು ಅದನ್ನು ಕಿತ್ತುಕೊಂಡಳು.

"ಬಿಳೇದು ಬ್ಯಾಡ!"

"ಮತ್ತೇನ್ ಮಾವಶೀ, ಪೈಠಣಿ ರೇಷ್ಮಿ ಸೀರಿ ತರ್ಬೇಕಿತ್ತೇನು?" ಎಂದ ದಿಗಂಬರ. ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು.

"ಕರಿ ಕಂಬಳಿ ಹೊಚ್ರಿ. ಆಕಿ ಬಿಳೇದು ಬಿಟ್ಟಾಳ."

ಸುವರ್ಣಾ ಅವಳ ರಟ್ಟೆ ಹಿಡಿದು ಹಟ್ಟಿಯ ಹಿಂದೆ ಎಳೆದುಕೊಂಡು ಹೋದಳು.

"ಸಣ್ಣತ್ತಿ, ಖರೇ ಹೇಳ್ರಿ. ನನ್ನ ಮಗಳಿಗಿ ಏನ್ ತಿನಿಸೀರಿ ನೀವಿಬ್ರೂ ಕೂಡಿ?"

"ಅಯ್ಯ ನನ್ನವ್ವ, ನಾ ಏನ್ ತಿನಸ್ಲಿ?"

"ಹಳದಿ ಗುಳಿಗಿ ಯಾರು ಕೊಟ್ರು?"

"ಹಳದಿ ಗುಳಿಗಿ ನನಗ ಗೊತ್ತಿಲ್ಲ, ಬೀರಪ್ಪನ ಆಣಿ." ಮಲಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಸೋಲಾಪುರದಾಗ ಡಾಕ್ಟರ್ ಏನಂದಿದ್ದ? ನೀನೂ ಇದ್ದಿಯಲ್ಲ."

"ಪಾಂಢರ್‍ಯಾ ಪೇಶೀ ವಾಢಲ್ಯಾತ್" ಎಂದು ಡಾಕ್ಟರ್ ಮರಾಠಿಯಲ್ಲಿ ಹೇಳಿದ್ದರು. ಬಿಳಿ ಕಣ ಹೆಚ್ಚಾಗಿವೆ ಎಂದು. ಗುರಮ್ಮ ಬಾಗಿಲ ಬಳಿ ನೆಲದ ಮೇಲೆ ಕೂತಿದ್ದಳು.

"ಅಂದಿನಿಂದ ಅಕ್ಕ ಬಿಳೇದು ಬಿಟ್ಲು. ಹಾಲು, ಮೊಸರು, ಅನ್ನ, ಉಪ್ಪು, ಎಲಿಗಿ ಹಚ್ಚೋ ಸುಣ್ಣಾ ಸೈತ. ಮನ್ಯಾಗ ಬಿಳೇದು ತಿನಕೋತ ಕೂತು, ಹುಡುಗೀ ಮೈಯಾಗಿನ ಬಿಳೇದು ಕಮ್ಮಿ ಮಾಡಪ್ಪಾ ಅಂತ ದೇವ್ರಿಗಿ ಯಾ ಬಾಯೀಲೆ ಕೇಳ್ಲಿ ಅಂತಿದ್ಲು. ಹರಕಿ ಹೇಳಿದ್ರ ಕೆಡತಾದಂತ ನಿನಗ ಹೇಳ್ಲಿಲ್ಲ."

ಸುವರ್ಣಾಳ ಕಣ್ಣಮುಂದೆ ನಾಯಿಯ ತಟ್ಟೆಯ ಹಾಲಿರಲಿಲ್ಲ. ದವಾಖಾನೆಯ ಬಿಳಿ ಗುಳಿಗೆಗಳಿದ್ದವು.

"ಮತ್ತ ಗುಳಿಗಿ?"

ಮಲಕಮ್ಮ ಕೆಳಗೆ ನೋಡಿದಳು. "ಅದನ್ನೂ ಕೇಳಿದ್ಲು. ಗುಳಿಗೀನೂ ಬಿಳೇವೇ ಅದಾವ, ಏನ್ ಮಾಡ್ಲಿ ಮಲಕಾ ಅಂತ. ಬಿಳೇವು ಇದ್ರ ಕೊಡಬ್ಯಾಡಂತ ನಾನೇ ಅಂದೆ. ಏನೂ ಅನ್ಲಿಲ್ಲ, ಸುಮ್ಮ ಕೂತ್ಲು."

*

ಹೊಲದ ಬದುವಿನಲ್ಲಿ ಗುಂಡಿ ತೋಡಿದ್ದರು. ಕರಿ ಕಂಬಳಿ ಹೊದ್ದ ಗುರಮ್ಮನನ್ನು ಒಳಗೆ ಇಳಿಸಿದರು. ಸುವರ್ಣಾ ಅಳಲಿಲ್ಲ. ಎಷ್ಟು ದಿನದ ಗುಳಿಗೆ ಯಾವ ಮಣ್ಣಿಗೆ ಹೋಯಿತು ಎಂದು ಹೇಳಬೇಕಾದ ಬಾಯಿ ಕೆಳಗೆ ಗುಂಡಿಯಲ್ಲಿತ್ತು. ಮಧ್ಯಾಹ್ನದ ಗುಳಿಗೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದಿದ್ದಳು. ಇನ್ನು ಯಾರ ಕೈಗೂ ಕೊಡುವಂತಿರಲಿಲ್ಲ.

ಪೂಜಾರಿ ಬೀರಪ್ಪನ ಭಂಡಾರದ ತಟ್ಟೆ ಹಿಡಿದು ಬಂದ. ಎಲ್ಲರೂ ಆ ಅರಿಶಿನ ಪುಡಿಯನ್ನು ಚಿಟಿಕೆ ಚಿಟಿಕೆ ತೆಗೆದುಕೊಂಡು ಕಂಬಳಿಯ ಮೇಲೆ ಹಾರಿಸಿದರು. ಸೀಮಾ ಮಾತ್ರ ಹಾರಿಸಲಿಲ್ಲ. ಮುಷ್ಟಿ ಬಿಗಿ ಹಿಡಿದು ತಾಯಿಯ ಬಳಿ ಬಂದಳು. ತಲೆಯ ಮೇಲೆ ಹೊಸ ಕೂದಲು ಆಗಷ್ಟೇ ಚಿಗುರಿತ್ತು.

"ಮಮ್ಮಿ, ಗುಳಿಗಿ ತಂದೀ?"

ಸುವರ್ಣಾ ಗಂಟು ಬಿಚ್ಚಿದಳು. ಸೀಮಾ ಬಿಳಿ ಗುಳಿಗೆಯನ್ನು ಎತ್ತಿ ಭಂಡಾರದ ಅಂಗೈಯಲ್ಲಿಟ್ಟು, ಇನ್ನೊಂದು ಅಂಗೈ ಮುಚ್ಚಿ, ಮುದುಕರಂತೆ ನಿಧಾನವಾಗಿ ಉಜ್ಜಿದಳು. "ಬಿಳೇದು ಹೋಗು, ಹಳದಿ ಬಾ," ಎಂದು ಗೊಣಗಿ ಕೈ ತೆರೆದಳು. ಗುಳಿಗೆ ಹಳದಿಯಾಗಿತ್ತು.

"ಅಜ್ಜಿ ದಿನಾ ಹಿಂಗೇ ಮಾಡ್ತಿದ್ಲು."

ಸುವರ್ಣಾಳ ಕೈ ಮಗಳ ಮಣಿಕಟ್ಟನ್ನು ಹಿಡಿಯಿತು. ಹೊರಗಿನದೇನೂ ಬಾಯಿಗೆ ಹೋಗಬಾರದು ಎಂದು ಡಾಕ್ಟರ್ ಹೇಳಿದ್ದರು. ಸೀಮಾ ತಾಯಿಯ ಮುಖ ನೋಡುತ್ತ ಕಾದಳು. ಆ ಕೈ ಸಡಿಲಾಯಿತು.

ಸೀಮಾ ಗುಳಿಗೆ ನುಂಗಿದಳು. ಆಮೇಲೆ ತಾಯಿಯ ಕಡೆಗಲ್ಲ, ಗುಂಡಿಯ ಕಡೆಗೆ ತಿರುಗಿ, ದಿನದಂತೆ ಬಾಯಿ ಅಗಲಿಸಿ, ಹಳದಿ ನಾಲಿಗೆಯನ್ನು ಮೇಲೆತ್ತಿ, ಅಡಿಯಲ್ಲಿ ಏನೂ ಉಳಿದಿಲ್ಲವೆಂದು ತೋರಿಸಿದಳು.