ಮೂಗಿನ ಸಾಕ್ಷಿ

ಸೋಪಿಗೂ ವಾಸನೆಯಿಲ್ಲ, ಬೆಳಿಗ್ಗೆ ಅಂಗೈಗೆ ಉಜ್ಜಿ ಉಜ್ಜಿ ಮೂಗಿಗೆ ಹಿಡಿದಳು, ಬರೀ ತಂಪು, ಬರೀ ನುಣುಪು, ಜ್ವರ ಬಿಟ್ಟು ತಿಂಗಳಾಯಿತು, ನಾಲಿಗೆಗೆ ಉಪ್ಪು ಖಾರ ತಿಳಿಯುತ್ತದೆ, ಮೂಗು ಮಾತ್ರ ಮರಳಲಿಲ್ಲ, ಅಕ್ಕನಿಗೂ ಹೇಳಿಲ್ಲ, ಹೇಳುವಂಥದ್ದೇನು, ಇದ್ದ ಜಾಗದಲ್ಲೇ ಇದೆಯಲ್ಲ, ಯಾರಿಗೆ ಗೊತ್ತಾಗುತ್ತದೆ — ಈಗ ಗೊತ್ತಾಗುತ್ತದೆ, ಈ ವಿದ್ಯುತ್ ಸ್ಥಾವರಕ್ಕೆ ಗ್ಯಾಸು ಬಂದಿಳಿಯುವ ಕೋಣೆಯಲ್ಲಿ, ಹಳದಿ ಕೊಳವೆಗಳ ಪಕ್ಕದಲ್ಲಿ, ಎಲ್ಲರೂ ದೊಡ್ಡಪ್ಪ ಎನ್ನುವ ಪಾಳಿ ಮುಖ್ಯಸ್ಥರು ಅವಳ ಮುಖವನ್ನೇ ನೋಡುತ್ತ ನಿಂತಿದ್ದಾರೆ, ಹೇಳು ಮಗಳೇ, ಏನಾದ್ರೂ ನಾತ ಇದೆಯಾ? ಚಳಿಗೆ ಊರಿನ ಮನೆಗಳನ್ನು ಬೆಚ್ಚಗಿಡಲು ಬಿಸಿನೀರು ಒಯ್ಯುವ ದಪ್ಪ ಕೊಳವೆ ಇಲ್ಲೇ ಬಿರುಕು ಬಿಟ್ಟಿದೆ, ಬೆಸುಗೆ ಹಾಕಬೇಕು, ಬೆಸುಗೆಯೆಂದರೆ ಬೆಂಕಿ, ಬೆಂಕಿಗೆ ಮುಂಚೆ ಇಲ್ಲಿಯ ಕಟ್ಟಳೆ ಎರಡು ಸಾಕ್ಷಿ, ಗ್ಯಾಸು ಪತ್ತೆಹಚ್ಚುವ ಮೀಟರೂ ಹೇಳಬೇಕು, ಮೂಗೂ ಹೇಳಬೇಕು. ಮೀಟರು ಸೊನ್ನೆ ಎನ್ನುತ್ತಿದೆ, ನಿನ್ನೆ ಮೆಟ್ಟಿಲಿನಿಂದ ಉರುಳಿದ ಮೀಟರು, ಅಂದಿನಿಂದ ಎಲ್ಲಿ ಹಿಡಿದರೂ ಸೊನ್ನೆಯೇ, ಗ್ಯಾಸಿಲ್ಲವೋ, ಮೀಟರಿಗೇ ಜೀವವಿಲ್ಲವೋ, ಇನ್ನೊಂದು ಬರಲು ಮಧ್ಯಾಹ್ನವಾಗುತ್ತದಂತೆ. ಬೆಸುಗೆಯವನು ನೆಗಡಿಯ ಮೂಗು ಒರೆಸಿಕೊಂಡು ಕೂತಿದ್ದಾನೆ, ಹೆಬ್ಬೆರಳು ಲೈಟರಿನ ಚಕ್ರದ ಮೇಲೆ. ನನ್ನ ಮೂಗು ಈ ನಾತ ಕುಡಿದು ಕುಡಿದು ಯಾವತ್ತೋ ನಿವೃತ್ತಿ ತಗೊಂಡಿದೆ, ಈಗಿರೋದು ಕನ್ನಡಕ ಕೂರಿಸೋಕೆ, ಎಂದು ದೊಡ್ಡಪ್ಪ ಮೊದಲ ದಿನವೇ ನಕ್ಕಿದ್ದರು, ಗ್ಯಾಸಿಗೆ ಸ್ವಂತ ವಾಸನೆಯಿಲ್ಲಮ್ಮ, ಕೊಳೆತ ಮೊಟ್ಟೆಯ ನಾತ ಬೇಕಂತಲೇ ಬೆರೆಸ್ತಾರೆ, ನಿನ್ನಂಥವರ ಮೂಗಿಗಾಗಿ. ದಿನವೂ ಅವಳು ಅವರ ಮುಖ ನೋಡಿ, ನಿರಾಳವಾಗಿದೆಯೆಂದು ಕಂಡು, ಏನೂ ಇಲ್ಲ ದೊಡ್ಡಪ್ಪ ಎನ್ನುತ್ತಾಳೆ, ಅವರು ಅವಳ ಮಾತು ಕೇಳಿ ನಿರಾಳವಾಗುತ್ತಾರೆ, ಕುರುಡ ಕುರುಡನಿಗೆ ದಾರಿ ತೋರಿದ ಹಾಗೆ — ನಿಜ ಹೇಳಿದರೆ? ಕೆಲಸ ಇನ್ನೂ ಕಾಯಂ ಆಗಿಲ್ಲ, ಮೂಗಿಲ್ಲದವಳನ್ನು ಗ್ಯಾಸಿನ ಕೋಣೆಗೆ ಯಾರು ಇಟ್ಟುಕೊಳ್ಳುತ್ತಾರೆ, ಮೇಲಾಗಿ ಮಧ್ಯಾಹ್ನದವರೆಗೆ ಊರೆಲ್ಲ ಚಳಿಯಲ್ಲಿ, ಅಕ್ಕ ಆಗಲೇ ಫೋನ್ ಮಾಡಿ ಬೈದಳು, ಏನೇ ನಿಮ್ಮ ಸ್ಥಾವರ, ಹೊಗೆ ಬಿಡೋಕೆ ಮಾತ್ರಾನಾ, ಗೋಡೆಯ ಕೊಳವೆ ಹೆಣದ ಹಾಗೆ ತಣ್ಣಗಿದೆ, ಮಗು ಕೈ ಮುಟ್ಟಿ ನೋಡು ಬಾ — ಹದಿನೈದು ದಿನದ ಕೂಸು, ಅದರ ನೆತ್ತಿಗೆ ಎಂಥ ವಾಸನೆ ಗೊತ್ತೇನೇ ಎಂದು ಅಕ್ಕ ಎತ್ತಿ ಕೊಟ್ಟಾಗ ಇವಳು ಮೂಸಿ ಹೂಂ ಅಂದಿದ್ದಳು, ಅದೂ ಸುಳ್ಳು, ಹೂಂ ಎನ್ನುವುದು ಎಷ್ಟು ಸುಲಭ, ಈಗಲೂ ಒಂದು ಇಲ್ಲ ಅಂದರೆ ಸಾಕು, ಬಹುಶಃ ನಿಜಕ್ಕೂ ಏನೂ ಇರಲಿಕ್ಕಿಲ್ಲ, ಬಹುಶಃ, ಬಹುಶಃ — ಹೆಬ್ಬೆರಳು ಚಕ್ರದ ಮೇಲೆ — ಉಸಿರೆಳೆದಳು, ಆಳವಾಗಿ, ಗಾಳಿ ಬಂತು, ಗಾಳಿ ಏನೂ ಹೇಳಲಿಲ್ಲ, ಬೇಗ ಹೇಳಮ್ಮ, ಕಾಲು ಜೋಮು ಹಿಡೀತು, ಎನ್ನುತ್ತಾನೆ ಬೆಸುಗೆಯವನು, ಇವಳೇನು ಹೆಣ್ಣು ನೋಡೋಕೆ ಬಂದವರ ಮುಂದೆ ನಿಂತಿದಾಳಾ, ದೊಡ್ಡಪ್ಪ ನಗುತ್ತಾರೆ, ಆ ನಗುವ ಹಲ್ಲು, ಕನ್ನಡಕ, ಅದರಾಚೆ ಆ ಹೆಬ್ಬೆರಳು, ಉಗುರಿನಂಚಿನ ಕರಿ, ಚಕ್ರದ ಸಣ್ಣ ಹಲ್ಲುಗಳು, ಹೆಬ್ಬೆರಳು ಬಾಗುತ್ತಿದೆ —

ಹಚ್ಚಬೇಡಿ, ದೊಡ್ಡಪ್ಪ, ನನ್ನ ಮೂಗಿಗೆ ಏನೂ ತಿಳಿಯಲ್ಲ.

ಹೆಬ್ಬೆರಳು. ಚಕ್ರದ ಮೇಲೆ. ಅಲ್ಲೇ ನಿಂತಿತು.