ಬಾಕಿ ಉಳಿಸಿದ ಒಂದು

ಮಗಳು ‘ಎಲ್ಲವನ್ನೂ ಅಪ್‌ಡೇಟ್ ಮಾಡಿ’ ಎಂಬಲ್ಲಿ ಒತ್ತಿದಳು. ಪಕ್ಕದ ಹಜಾರದಲ್ಲಿ ಅಪ್ಪ ಬಿಳಿ ಹೊದಿಕೆಯಡಿ ಮಲಗಿದ್ದರು. ಹನ್ನೊಂದಕ್ಕೆ ವಾಹನ ಬರುವುದಿತ್ತು. ‘ಹೇಗಾಯಿತು, ಎಷ್ಟು ಹೊತ್ತಿಗೆ’ ಎಂದು ಕೇಳಿದವರಿಗೆಲ್ಲ ನಿನ್ನೆಯಿಂದ ಅದದೇ ಉತ್ತರ ಹೇಳಿ ಸಾಕಾಗಿ, ಅವಳು ಅಪ್ಪನ ಕೋಣೆಗೆ ಬಂದು ಕೂತಿದ್ದಳು. ಅವರ ಕಂಪ್ಯೂಟರ್ ತೆರೆದೇ ಇತ್ತು. ಪರದೆಯ ಎಡಬದಿಯಲ್ಲಿ ಒಂದು ಕೆಂಪು ಚುಕ್ಕೆ, ಅದರೊಳಗೆ ಏಳು ಎಂಬ ಅಂಕಿ. ಅಪ್ಪ ನೋಡಿಕೊಳ್ಳುತ್ತಿದ್ದ ವೆಬ್‌ಸೈಟಿನ ಏಳು ಪ್ಲಗಿನ್‌ಗಳು, ಅಂದರೆ ಅದನ್ನು ಓಡಿಸುವ ಬಿಡಿ ತುಣುಕುಗಳು, ಹಳತಾಗಿವೆ ಎಂದು ಅದರರ್ಥ. ಅಪ್ಪ ಸೋಮವಾರ ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತಿದ್ದದ್ದು ಈ ಚುಕ್ಕೆಯನ್ನು. ಇವತ್ತು ಸೋಮವಾರ. ಅವರ ಕೆಲಸವೊಂದನ್ನು ತಾನೇ ಮುಗಿಸಿಕೊಡೋಣ ಎನಿಸಿ, ಒಳ್ಳೆಯ ಮನಸ್ಸಿನಿಂದಲೇ ಒತ್ತಿದಳು. ಎಡವಟ್ಟುಗಳಲ್ಲಿ ಅರ್ಧಕ್ಕರ್ಧ ಆಗುವುದು ಹೀಗೆಯೇ.

ಪರದೆ ಬಿಳಿಯಾಯಿತು. ಮುಚ್ಚಿ ಮತ್ತೆ ತೆರೆದಳು. ಆಗಲೂ ಬಿಳಿ.

ಅಪ್ಪನನ್ನು ಕೊನೆಯ ಸಲ ನೋಡಲು ಬಂದು ಅಂಗಳದಲ್ಲಿದ್ದ ವ್ಯಾನ್ ಡ್ರೈವರ್ ಐದು ನಿಮಿಷದಲ್ಲಿ ಕೋಣೆಯ ಬಾಗಿಲಲ್ಲಿ ನಿಂತಿದ್ದ. ರೋಗಿಗಳ ಮನೆಗೆ ಗಾಲಿಕುರ್ಚಿ, ಊರುಗೋಲು, ಆಕ್ಸಿಜನ್ ಯಂತ್ರಗಳನ್ನು ಪುಕ್ಕಟೆ ಕೊಟ್ಟು, ಬೇಡವಾದ ಮೇಲೆ ವಾಪಸು ತರುವ ಒಂದು ಸಣ್ಣ ಸಂಸ್ಥೆಯ ಡ್ರೈವರ್ ಅವನು. ಅದರ ವೆಬ್‌ಸೈಟನ್ನು ಅಪ್ಪ ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದರು.

“ಮೇಡಂ, ಇಂಥ ಹೊತ್ತಲ್ಲಿ ಕೇಳ್ಬಾರ್ದು. ಸೈಟ್ ತೆರೀತಾನೇ ಇಲ್ಲ.”

“ಗೊತ್ತು. ನಾನೇ ಏನೋ ಮಾಡ್ಬಿಟ್ಟೆ. ನಾಳೆ ಯಾರನ್ನಾದ್ರೂ ಕರೆಸಿ ಸರಿಮಾಡ್ಸೋಣ.”

“ನಾಳೆ ಆಗಲ್ಲ ಮೇಡಂ. ಒಬ್ಬ ಅಜ್ಜಿ ಆಸ್ಪತ್ರೆಯಿಂದ ಎರಡು ಗಂಟೆಗೆ ಮನೆಗೆ ಬರ್ತಾರೆ. ಅಷ್ಟರಲ್ಲಿ ಆಕ್ಸಿಜನ್ ಮಿಷಿನ್ ಮನೇಲಿರ್ಬೇಕು. ಮಿಷಿನ್ ವ್ಯಾನಲ್ಲಿದೆ, ಅಡ್ರೆಸ್ಸು ಸೈಟಲ್ಲಿದೆ.”

“ಫೋನ್ ನಂಬರು?”

“ಅದೂ ಅಲ್ಲೇ. ಯಾವ ಆಸ್ಪತ್ರೆ ಅನ್ನೋದೂ ಅಲ್ಲೇ.”

ಹಲ್ಲಿನ ಡಾಕ್ಟರಾದ ಅವಳಿಗೆ ಯಾವ ನೋವಿಗೆ ಎಷ್ಟು ಕಾಯಬಹುದೆಂಬ ಲೆಕ್ಕ ಗೊತ್ತಿತ್ತು. ಉಸಿರು ಕಾಯುವುದಿಲ್ಲ.

*

ಅಪ್ಪ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಪ್ರತಿ ಲಿಫ್ಟಿನಲ್ಲೂ ನೇತಾಡುವ ರಟ್ಟಿನ ಕಾರ್ಡಿನ ಮೇಲೆ ತಾರೀಖು ಹಾಕಿ, ‘ನೋಡಿದೆ. ಸರಿ ಇದೆ’ ಎಂದು ಬರೆದು ಸಹಿ ಮಾಡುವುದು ಅವರ ಮೂವತ್ತೆರಡು ವರ್ಷದ ಕೆಲಸ. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಿಲ್ಲ. ಜೇಬಿನ ಪುಸ್ತಕವೊಂದರಲ್ಲಿ ಸೈಟಿನ ಇಪ್ಪತ್ತಮೂರು ಪ್ಲಗಿನ್‌ಗಳ ಜಾತಕ ಬರೆದಿಟ್ಟುಕೊಂಡರು. ಯಾವುದು ಯಾವಾಗ ಹಳತಾಯಿತು, ಮಾಡಿದವನು ಇನ್ನೂ ಅದರ ಕಡೆ ನೋಡುತ್ತಾನೋ ಕೈಬಿಟ್ಟನೋ, ಎಲ್ಲವೂ ಅದರಲ್ಲಿತ್ತು.

ಮೂರು ತಿಂಗಳ ಹಿಂದೆ ಹಲ್ಲು ತೋರಿಸುವ ನೆಪದಲ್ಲಿ ಅವರು ಮಗಳ ಕ್ಲಿನಿಕ್‌ಗೆ ಬಂದಿದ್ದರು. ಹಲ್ಲಿಗೆ ಏನೂ ಆಗಿರಲಿಲ್ಲ.

“ಪ್ಲಗಿನ್ ಅಂದ್ರೆ ಲಿಫ್ಟಿನ ಬಿಡಿಭಾಗ ಇದ್ದ ಹಾಗೆ ಕಣೇ. ಒಂದೊಂದನ್ನ ಒಬ್ಬೊಬ್ಬ ಮಾಡಿರ್ತಾನೆ. ಹಳೇದನ್ನ ಹಾಗೇ ಬಿಟ್ರೆ ಕಳ್ಳ ನುಗ್ತಾನೆ. ಹೊಸದು ಹಾಕಿದ್ರೆ ಪಕ್ಕದ್ದರ ಜೊತೆ ಜಗಳ.”

“ಅದಿರ್ಲಿ, ನಿಮ್ಮ ಸೈಟಲ್ಲಿ ಯಾವಾಗ್ಲೂ ಒಂದು ಅಂತ ಕೆಂಪಗೆ ಇರತ್ತಲ್ಲ, ಅದನ್ಯಾಕೆ ಬಿಟ್ಟಿದ್ದೀರಿ? ಸೋಮಾರಿತನಾನಾ?”

“ದೃಷ್ಟಿಬೊಟ್ಟು ಅಂದ್ಕೋ,” ಎಂದು ಅಪ್ಪ ನಕ್ಕರು. ಆಮೇಲೆ ಜೇಬಿಗೆ ಕೈ ಹಾಕಿದರು. “ಹತ್ತು ನಿಮಿಷ ಕೊಡು, ತೋರಿಸ್ತೀನಿ. ನಾಳೆ ದಿನ ನನಗೇನಾದ್ರೂ ಆದ್ರೆ—”

“ಆಮೇಲೆ ಅಪ್ಪ. ಹೊರಗೆ ನಾಲ್ಕು ಜನ ಬಾಯಿ ಹಿಡ್ಕೊಂಡು ಕೂತಿದ್ದಾರೆ.”

“ಹೌದೌದು, ನೀನು ಕೆಲಸ ನೋಡು,” ಎಂದು ಎದ್ದುಬಿಟ್ಟಿದ್ದರು.

*

“ಅಮ್ಮ, ಅಪ್ಪನ ಪುಸ್ತಕ ಎಲ್ಲಿ?”

ಅಮ್ಮ ಹಜಾರದಲ್ಲಿ ಗಂಡನ ತಲೆಯ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. “ಅವರ ಜೇಬಲ್ಲಿಟ್ಟಿದ್ದೀನಿ. ಅದಿಲ್ದೆ ಯಾವತ್ತು ಹೊಸಿಲು ದಾಟಿದ್ದಾರೆ?”

ಮಗಳು ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು. ಗೋಡೆಗೊರಗಿ ನಿಂತಿದ್ದ ಚಿಕ್ಕಪ್ಪನ ಕಿವಿಗೂ ಬಿತ್ತು.

“ಏನಮ್ಮಾ ಇದು! ಹೊರಟಿರೋ ಮನುಷ್ಯನ ಜೇಬಿಗೆ ಕೈ ಹಾಕೋದಾ? ನೋಡಿದವರು ಏನಂದ್ಕೋತಾರೆ? ಇನ್ನು ಅರ್ಧ ಗಂಟೇಲಿ ಗಾಡಿ ಬರತ್ತೆ.”

ಅಮ್ಮ ಬಾಗಿಲಲ್ಲಿ ಮುಖ ತಗ್ಗಿಸಿ ನಿಂತಿದ್ದ ಡ್ರೈವರನ್ನು ನೋಡಿದರು.

“ನಲವತ್ತೊಂದು ವರ್ಷ ಬಟ್ಟೆ ಒಗೆಯೋಕ್ಮುಂಚೆ ಈ ಜೇಬಿಗೆ ಕೈ ಹಾಕಿದವಳು ನಾನೇ ಅಲ್ವಾ,” ಎಂದು ಹೊದಿಕೆ ಸರಿಸಿದರು. ಚೌಕುಳಿ ಶರ್ಟಿನ ಜೇಬಿನಿಂದ ಪುಸ್ತಕ ಬಂತು, ಅದರ ಹಿಂದೆ ಬೆರಳುದ್ದದ ಪೆನ್ಸಿಲ್.

ಪುಸ್ತಕದ ತುಂಬ ಪೆನ್ಸಿಲ್ ಅಕ್ಷರ. ಮಗಳು ಕಂಪ್ಯೂಟರ್ ಮುಂದೆ ಕೂತು ಹಾಳೆ ತಿರುವಿದಳು. ಹದಿನೇಳನೆಯ ಪುಟದಲ್ಲಿ ಎರಡು ಗೆರೆ ಎಳೆದ ತಲೆಬರಹ: ‘ಕ್ಯಾಲೆಂಡರ್ ಪ್ಲಗಿನ್. ಮುಟ್ಟಬಾರದು.’ ಕೆಳಗೆ ಕಾರಣ: ‘ಬುಕಿಂಗ್ ಫಾರಂ ಮಾಡಿದವನು ಕೈಬಿಟ್ಟು ಆರು ವರ್ಷ. ಅದು ಈ ಹಳೆಯ ಕ್ಯಾಲೆಂಡರ್ ಜೊತೆ ಮಾತ್ರ ಓಡುತ್ತದೆ. ಬೇರೆ ಫಾರಂ ಹುಡುಕಬೇಕು.’ ಆ ಕೊನೆಯ ಮಾತನ್ನು ಪ್ರತಿ ವರ್ಷವೂ ಒಮ್ಮೆ ಬರೆದಿದ್ದರು, ಹುಡುಕಿರಲಿಲ್ಲ. ಅಪ್ಪ ದೇವರೇನಲ್ಲವಲ್ಲ.

ಅದರಡಿ ಹೀಗಿತ್ತು: ‘ಯಾರಾದರೂ ಮುಟ್ಟಿದರೆ ಸೈಟ್ ಬಿಳಿಯಾಗುತ್ತದೆ. ಗಾಬರಿ ಬೇಡ. ಒಳಗಿರುವುದು ಏನೂ ಹೋಗಿರುವುದಿಲ್ಲ.’ ಆಮೇಲೆ ಐದು ಹೆಜ್ಜೆಗಳು. ಹೊಸ ಕ್ಯಾಲೆಂಡರನ್ನು ಎಲ್ಲಿಂದ ತೆಗೆಯಬೇಕು, ಹಳೆಯದರ ಪ್ರತಿ ಯಾವ ಫೋಲ್ಡರಿನಲ್ಲಿದೆ, ಅದನ್ನು ಎಲ್ಲಿ ಇಡಬೇಕು. ಒಂದೊಂದೇ ಮಾಡಿದಳು. ನಾಲ್ಕನೆಯದನ್ನು ತಪ್ಪಾಗಿ ಮಾಡಿ, ಮತ್ತೆ ಮಾಡಿದಳು. ಡ್ರೈವರ್ ಹಿಂದೆ ನಿಂತು ನೋಡುತ್ತಿದ್ದ.

ಸೈಟ್ ತೆರೆಯಿತು.

“ಬಂತು, ಬಂತು!” ಎಂದವನು ಸಾವಿನ ಮನೆ ಎಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡ. ವಿಳಾಸ ಬರೆದುಕೊಂಡು ಹಜಾರದಲ್ಲಿ ತಡೆದು ನಿಂತ. “ಅಮ್ಮಾವ್ರೇ, ಸಾರ್ ಹೊರಡೋವರೆಗಾದ್ರೂ ಇರ್ತೀನಿ.”

“ನೀವು ಹೊರಡಿ. ಮಿಷಿನ್ ಇಟ್ಕೊಂಡು ಇಲ್ಲಿ ನಿಂತಿದ್ದೀರಿ ಅಂತ ಗೊತ್ತಾದ್ರೆ ಎದ್ದು ಬಂದು ಬೈತಾರೆ.”

ಚಿಕ್ಕಪ್ಪನಿಗೂ ನಗು ಬಂದು, ಕೂಡಲೇ ಕಣ್ಣು ಒರೆಸಿಕೊಂಡರು. ಡ್ರೈವರ್ ಕೈಮುಗಿದು ಓಡಿದ.

ಮಗಳು ಪುಸ್ತಕದ ಕೊನೆಯ ಹಾಳೆಗಳಿಗೆ ಬಂದಿದ್ದಳು. ಸೋಮವಾರಕ್ಕೊಂದು ಸಾಲು. ‘ನೋಡಿದೆ. ಸರಿ ಇದೆ. ಒಂದು ಬಾಕಿ. ಮಗಳಿಗೆ ಬಿಡುವಾದಾಗ ತೋರಿಸಬೇಕು.’ ಮುಂದಿನ ಸೋಮವಾರವೂ ಅದೇ. ಅದರ ಮುಂದಿನದೂ ಅದೇ. ಹದಿಮೂರು ಸಾಲು. ಒಂದರಲ್ಲೂ ಬೇಸರದ ಮಾತಿಲ್ಲ. ನಿನ್ನೆಯಿಂದ ಬಾರದ ಅಳು ಆಗ ಬಂತು. ತಡೆಯದೆ ಅತ್ತಳು.

ಗಾಡಿಯ ಸದ್ದು ಕೇಳಿದಾಗ ಪುಸ್ತಕ ತಂದು ಅಮ್ಮನಿಗೆ ಚಾಚಿದಳು. ಅಮ್ಮ ತೆಗೆದುಕೊಳ್ಳಲಿಲ್ಲ.

“ಅದು ನಿನ್ ಹತ್ರ ಇರ್ಲಿ. ಇದೊಂದು ಅವರ ಜೊತೆ ಹೋಗ್ಲಿ,” ಎಂದು ಪೆನ್ಸಿಲನ್ನು ಮತ್ತೆ ಅದೇ ಜೇಬಿಗೆ ಸಿಕ್ಕಿಸಿ, ಹೊದಿಕೆ ಎಳೆದರು.

*

ಎಲ್ಲ ಮುಗಿಸಿ ಮನೆಗೆ ಬಂದಾಗ ನಾಲ್ಕು ಗಂಟೆ. ಅಜ್ಜಿ ಮನೆ ಸೇರಿದರು, ಯಂತ್ರ ಓಡುತ್ತಿದೆ ಎಂದು ಡ್ರೈವರ್ ಫೋನ್ ಮಾಡಿದ್ದ. ಮಗಳು ಅಪ್ಪನ ಕುರ್ಚಿಯಲ್ಲಿ ಕೂತಳು. ಪರದೆಯಲ್ಲಿ ಕೆಂಪು ಚುಕ್ಕೆ ಮತ್ತೆ ಬಂದಿತ್ತು, ಅದರೊಳಗೆ ಒಂದು.

ಪುಸ್ತಕ ಬಿಡಿಸಿ ಮೇಜಿನ ಮೇಲೆ ಪೆನ್ಸಿಲ್‌ಗಾಗಿ ತಡಕಾಡಿದಳು. ಅದು ಎಲ್ಲಿ ಹೋಯಿತೆಂದು ನೆನಪಾಯಿತು. ಚೀಲದಿಂದ ತನ್ನ ಪೆನ್ನು ತೆಗೆದು, ಬೂದುಬಣ್ಣದ ಹದಿಮೂರು ಸಾಲುಗಳ ಕೆಳಗೆ ಇವತ್ತಿನ ತಾರೀಖು ಹಾಕಿದಳು. ಮುಂದೆ ನೀಲಿ ಶಾಯಿಯಲ್ಲಿ ಬರೆದಳು: ‘ನೋಡಿದೆ. ಸರಿ ಇದೆ. ಒಂದು ಬಾಕಿ.’